ಅಂಗೈಯಗಲದ ಕೇಪಿನ ಕೋವಿ

ಊರಿನಲ್ಲಿ ಅಜ್ಜನ ಕೇಪಿನ ಕೋವಿ, ಅಂದರೆ ಕಿಡಿ ಹಚ್ಚುವ ಪುಟ್ಟ ಲೋಹದ ಟೋಪಿ ಇಟ್ಟು ಹೊಡೆಯುವ ಬಂದೂಕು, ನನಗಿಂತ ಉದ್ದವಿತ್ತು. ಈಗ ಅಮೆರಿಕದ ಅರಿಜೋನಾದಲ್ಲಿ ನನ್ನದೂ ಒಂದು ಕೇಪಿನ ಕೋವಿ ಇದೆ. ಅಂಗೈ ಮೇಲಿಟ್ಟರೆ ಬೆರಳುಗಳಿಗೆ ಇನ್ನೂ ಜಾಗ ಉಳಿಯುತ್ತದೆ.

ಯೂಟಾ ರಾಜ್ಯದ ಪ್ರೊವೊದಲ್ಲಿರುವ ನಾರ್ತ್ ಅಮೆರಿಕನ್ ಆರ್ಮ್ಸ್ ಕಂಪನಿಯ ಪುಟ್ಟ ರಿವಾಲ್ವರ್ ಇದು. ಹೆಸರು ಕಂಪಾನಿಯನ್. ಗುಂಡಿನ ಅಳತೆ .22 ಇಂಚು, ಐದು ಈಡು. ಮದ್ದು, ಗುಂಡು ಒಟ್ಟಿಗೇ ಇರುವ ತೋಟ (ಕಾರ್ಟ್ರಿಜ್) ಹಾಕುವ ಮಾತೇ ಇಲ್ಲ. ಮಸಿ ಎನ್ನುವ ಕರಿಮದ್ದು ಬೇರೆ, ಗುಂಡು ಬೇರೆ, ಕೇಪು ಬೇರೆ. 1836ರಲ್ಲಿ ಸ್ಯಾಮುಯೆಲ್ ಕೋಲ್ಟ್ ರಿವಾಲ್ವರಿಗೆ ಪೇಟೆಂಟ್ ಪಡೆದ ಕಾಲದ ಪದ್ಧತಿ. ಹಾಗಾಗಿ 1968ರ ಇಲ್ಲಿನ ಬಂದೂಕು ಕಾನೂನು ಇದನ್ನು ಪುರಾತನ ಆಯುಧಗಳ ಲೆಕ್ಕಕ್ಕೆ ಸೇರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಫಳಫಳ ಹೊಳೆಯುವ ಪುರಾತನ!

ಗುರಿ ಅಭ್ಯಾಸದ ರೇಂಜಿಗೆ ಹೋದರೆ ನನ್ನದು ಪೂಜೆಗೆ ಕೂತವರ ಹಾಗೆ. ಮೊದಲು ಟವೆಲ್ ಹಾಸಬೇಕು. ಕಡ್ಡಿ ಎಳೆದು ಸಿಲಿಂಡರ್ ಬಿಚ್ಚಬೇಕು. ಐದು ತೂತಿಗೂ ಚಿಟಿಕೆಯಷ್ಟು ಮಸಿ. ಗಾಳಿ ಬೀಸಿದರೆ ಅದರಲ್ಲಿ ಅರ್ಧ ಟವೆಲ್ಲಿಗೆ. ಮೇಲೆ ಎರಡು ಗ್ರಾಂ ತೂಕದ ಸೀಸದ ಗುಂಡಿಟ್ಟು ಒಂದೊಂದಾಗಿ ಒತ್ತಬೇಕು. ಕೊನೆಗೆ ಹಿಂಬದಿಗೆ ಕೇಪು. ಅದು ಒಳ್ಳೆಮೆಣಸಿನ ಕಾಳಿನಷ್ಟಿರುತ್ತದೆ, ನನ್ನ ಬೆರಳು ಬಾಳೆಕಾಯಿಯಷ್ಟು. ಒಂದು ಜಾರಿ ಜಲ್ಲಿಯಲ್ಲಿ ಬಿತ್ತೆಂದರೆ ಮುಗಿಯಿತು, ಮಂಡಿಯೂರಿ ಹುಡುಕಾಟ. ಅಷ್ಟರಲ್ಲಿ ಪಕ್ಕದವನು ನೂರು ತೋಟ ಖಾಲಿ ಮಾಡಿ, ಕಾಫಿ ಕುಡಿದು, ನನ್ನನ್ನು ನೋಡಲು ಬಂದು ನಿಂತಿರುತ್ತಾನೆ.

ಕೇಪಿಗೆ ಬಡಿಯುವ ಕುದುರೆ ಹಿಂದಕ್ಕೆಳೆದು ಟ್ರಿಗರ್ ಒತ್ತಿದರೆ ಠಪ್! ಗಾತ್ರಕ್ಕೆ ಮೀರಿದ ಹೊಗೆ. ದೀಪಾವಳಿ ಬೆಳಗಿನ ವಾಸನೆ. ನಳಿಗೆ ಒಂದಿಂಚು ಚಿಲ್ಲರೆ, ಗುರಿ ಎನ್ನುವುದು ಸುಮ್ನೆ ಒಂದು ಆಸೆ. ಹತ್ತು ಹೆಜ್ಜೆ ದೂರದ ಡಬ್ಬಿ ಇವತ್ತಿಗೂ ಆರಾಮವಾಗಿದೆ. ಐದು ಠಪ್ಪಿಗೆ ಅರ್ಧ ನಿಮಿಷ ಸಾಕು. ಮತ್ತೆ ಟವೆಲ್.

ಅಜ್ಜನಿಗೆ ಒಂದೇ ನಳಿಗೆ, ಒಂದೇ ಈಡು. ಗಜ ಎನ್ನುವ ಉದ್ದ ಕಡ್ಡಿಯಿಂದ ಮಸಿ, ಗುಂಡು ಜಡಿದು ಗದ್ದೆಯ ಹಂದಿಗೆ ಹೊಡೆದರೆ ಒಂದೋ ಹಂದಿ, ಇಲ್ಲ ಬರಿಗೈ. ಅವರೆದುರು ನನ್ನದನ್ನು ಹಿಡಿದಿದ್ದರೆ ಹಂದಿಗಿಂತ ಮೊದಲು ಅವರೇ ನಗುತ್ತಿದ್ದರು, ಅಲ್ವಾ?

ತೊಳೆಯುವುದು ಮಾತ್ರ ಇಬ್ಬರಿಗೂ ಒಂದೇ ಕಷ್ಟ. ಮಸಿಯ ಕಿಟ್ಟ ಗಾಳಿಯ ಪಸೆ ಹೀರಿಕೊಂಡು ಉಕ್ಕನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಎಂದು ಮೈಮರೆಯುವಂತಿಲ್ಲ. ಮನೆಗೆ ಬಂದವನೇ ಬಿಸಿನೀರು, ಸೋಪು, ಹಳೇ ಹಲ್ಲುಜ್ಜುವ ಬ್ರಷ್ಷು. ಕೊಳೆತ ಮೊಟ್ಟೆಯ ವಾಸನೆ ಜಾಸ್ತಿ ಆಯಿತೆಂದು ಹೆಂಡತಿ ಅಡುಗೆಮನೆ ಬಿಟ್ಟು ಹೋಗುತ್ತಾಳೆ.

ಮೊನ್ನೆ ಹಾಗೆ ತೊಳೆದು, ಬಿಚ್ಚಿದ ಭಾಗಗಳನ್ನು ಸಾರಿನ ಪಾತ್ರೆ ಪಕ್ಕ ಒಣಗಲು ಇಟ್ಟಿದ್ದೆ. ವಿಡಿಯೊ ಕಾಲಿನಲ್ಲಿ ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು.

"ಅಡಕತ್ತರಿ ತಗೊಂಡ್ಯೇನೋ? ಅಲ್ಲಿ ಅಡಿಕೆ ಎಲ್ಲಿ ಸಿಗುತ್ತೆ?"