ನಿವೃತ್ತಿಯ ಊರು: ಹವೆಗೆ ಮಣೆಯೋ, ಖರ್ಚಿಗೋ?

ಪರ: ಹವೆಯೇ ಮೊದಲು

ಖರ್ಚನ್ನು ಊರು ಸೇರಿದ ಮೇಲೂ ತಗ್ಗಿಸಬಹುದು. ಚಿಕ್ಕ ಮನೆಗೆ ಹೋಗಬಹುದು, ಕಾರು ಮಾರಬಹುದು, ಪ್ರವಾಸ ಬಿಡಬಹುದು. ಹವೆಯನ್ನು ಮಾತ್ರ ಒಂದು ಡಿಗ್ರಿಯಷ್ಟೂ ತಗ್ಗಿಸಲು ಆಗದು. ಊರು ಆರಿಸುವಾಗ ಅದನ್ನೇ ಮೊದಲು ನೋಡಬೇಕು ಎನ್ನುವುದು ಇದಕ್ಕೇ.

ನಲವತ್ತರಲ್ಲಿ ತಡೆದ ಬಿಸಿಲನ್ನು ಎಪ್ಪತ್ತೈದರಲ್ಲೂ ತಡೆಯುತ್ತೇವೆ ಎಂಬ ಧೈರ್ಯ ಅನೇಕರಿಗಿದೆ. ಮೈ ಹಾಗೆ ನಡೆದುಕೊಳ್ಳುವುದಿಲ್ಲ. ವಯಸ್ಸಾದಂತೆ ಬೆವರು ತಡವಾಗಿ ಶುರುವಾಗುತ್ತದೆ, ಬರುವುದೂ ಕಡಿಮೆ. ಒಳಗಿನ ಕಾವನ್ನು ಚರ್ಮದವರೆಗೆ ಹೊತ್ತು ತರುವ ರಕ್ತದ ಹರಿವು ಕುಗ್ಗುತ್ತದೆ. ಬಾಯಾರಿಕೆ ಮಂದವಾಗಿ, ಮೈಯಲ್ಲಿ ನೀರು ಇಳಿದಿದ್ದರೂ ಕುಡಿಯಬೇಕು ಅನ್ನಿಸುವುದಿಲ್ಲ. ಇದರ ಮೇಲೆ ದಿನದ ಮಾತ್ರೆಗಳು ಬೇರೆ. ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ನೀರನ್ನೂ ಉಪ್ಪನ್ನೂ ಹೊರಹಾಕುತ್ತದೆ. ಬೀಟಾ ಬ್ಲಾಕರ್ ಹೃದಯದ ಬಡಿತವನ್ನು ಹಿಡಿದಿಡುವುದರಿಂದ, ಸೆಖೆಯಲ್ಲಿ ಚರ್ಮಕ್ಕೆ ಬೇಕಾದಷ್ಟು ರಕ್ತ ಕಳಿಸಲು ಹೃದಯಕ್ಕೆ ಕಷ್ಟವಾಗುತ್ತದೆ. 2003ರ ಆಗಸ್ಟ್‌ನ ಬಿಸಿಗಾಳಿಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತರು, ಬಹುಪಾಲು ವಯಸ್ಸಾದವರು. ಹಣಕ್ಕಾಗಲಿ ಆಸ್ಪತ್ರೆಗಾಗಲಿ ಕೊರತೆಯಿದ್ದ ದೇಶವಲ್ಲ ಅದು.

ಹಾಗಂತ ಊರಿನ ಸರಾಸರಿ ಉಷ್ಣಾಂಶ ನೋಡಿ ತೀರ್ಮಾನ ಮಾಡಬೇಡಿ. ಸರಾಸರಿ 26 ಡಿಗ್ರಿ ಅಂದರೆ 23ರಿಂದ 29ರ ನಡುವೆ ಆಡುವ ಊರೂ ಆಗಬಹುದು, 14ರಿಂದ 38ಕ್ಕೆ ಜಿಗಿಯುವ ಊರೂ ಆಗಬಹುದು. ಅತಿ ಸೆಖೆಯ ತಿಂಗಳ ರಾತ್ರಿಯ ಕನಿಷ್ಠ ಉಷ್ಣಾಂಶ ಹುಡುಕಿ. ಹಗಲು ಕಾದ ದೇಹ ಸುಧಾರಿಸಿಕೊಳ್ಳುವುದು ರಾತ್ರಿಯಲ್ಲಿ. ಆ ಬಿಡುವು ಸಿಗದ ಊರಲ್ಲಿ ದಣಿವು ದಿನದಿಂದ ದಿನಕ್ಕೆ ಮೇಲೇರುತ್ತದೆ.

ಇನ್ನೊಂದು ಅಂಕಿ ಇಬ್ಬನಿ ಬಿಂದು, ಅಂದರೆ ಗಾಳಿ ತಣಿಯುತ್ತ ಹೋದಾಗ ಅದರೊಳಗಿನ ನೀರು ಇಬ್ಬನಿಯಾಗಿ ಕೂರತೊಡಗುವ ಉಷ್ಣಾಂಶ. ತೇವಾಂಶದ ಶೇಕಡಾವಾರು ನೋಡಿ ಮೋಸ ಹೋಗುವವರೇ ಹೆಚ್ಚು. ಬೆಳಿಗ್ಗೆ 20 ಡಿಗ್ರಿಯಲ್ಲಿ ಶೇ 90 ತೇವಾಂಶ ಇದ್ದ ಗಾಳಿಯೇ ಮಧ್ಯಾಹ್ನ 32 ಡಿಗ್ರಿಗೆ ಕಾದಾಗ ಸುಮಾರು ಶೇ 44 ತೋರಿಸುತ್ತದೆ. ಗಾಳಿಯೊಳಗಿನ ನೀರು ಅಷ್ಟೇ ಇರುತ್ತದೆ, ಇಬ್ಬನಿ ಬಿಂದುವೂ ಸುಮಾರು 18 ಡಿಗ್ರಿಯಲ್ಲೇ ನಿಂತಿರುತ್ತದೆ. ಅದು 16ರ ಕೆಳಗಿದ್ದರೆ ಹಿತ, 24 ದಾಟಿದರೆ ಬೆವರು ಆರದೆ ಮೈಗೆ ಅಂಟಿಕೊಳ್ಳುತ್ತದೆ. ಆರದ ಬೆವರಿನಿಂದ ಮೈ ತಣಿಯುವುದಿಲ್ಲ.

ಚಳಿಯೂ ಸಲೀಸಲ್ಲ. ರಕ್ತನಾಳ ಬಿಗಿದು ಒತ್ತಡ ಏರುತ್ತದೆ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಸುಮ್ಮನೆ ಅಲ್ಲ.

ಎಸಿ ಹಾಕಿಸಿದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು. ಎಸಿ ಒಂದು ಕೋಣೆಯನ್ನು ತಂಪಾಗಿಡುತ್ತದೆ, ಊರನ್ನಲ್ಲ. ಬೆಳಿಗ್ಗೆ ಏಳಕ್ಕೇ ಬಿಸಿಲು ಸುಡುವ ಊರಲ್ಲಿ ನಡಿಗೆ ನಿಲ್ಲುತ್ತದೆ. ನಡಿಗೆ ನಿಂತರೆ ತೊಡೆಯ ಸ್ನಾಯು ಕರಗುತ್ತದೆ. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಬೇಕಾಗುತ್ತದೆ, ಆಮೇಲೆ ಬೀಳುವ ಭಯ, ಆ ಭಯಕ್ಕೆ ಇನ್ನಷ್ಟು ಕೂರುವುದು. ಎಷ್ಟು ಹಣ ಸುರಿದರೂ ಈ ಸರಪಳಿಯನ್ನು ಹಿಂದಕ್ಕೆ ತಿರುಗಿಸುವುದು ಬಹಳ ಕಷ್ಟ.

ಜೀವನ ವೆಚ್ಚದ ಸೂಚ್ಯಂಕಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅವು ಲೆಕ್ಕ ಹಾಕುವ ಸಾಮಾನ್ಯ ಕುಟುಂಬದ ಖರ್ಚಿನ ಬುಟ್ಟಿಯಲ್ಲಿ ಶಾಲಾ ಶುಲ್ಕ, ಕೆಲಸಕ್ಕೆ ಓಡಾಟ ಎಲ್ಲ ಸೇರಿರುತ್ತವೆ. ನಿವೃತ್ತರ ಬುಟ್ಟಿಯಲ್ಲಿ ತೂಗುವುದು ಮನೆ, ಔಷಧಿ, ಮನೆಕೆಲಸದ ನೆರವು. ಆ ಮೂರರ ದರ ಹಾಕಿ ನೋಡಿದರೆ ದುಬಾರಿ ಎನಿಸಿದ್ದ ಊರಿನ ಅಂತರ ಎಷ್ಟೋ ಸಲ ಕಿರಿದಾಗುತ್ತದೆ.

ಒಳ್ಳೆಯ ತಿಂಗಳಲ್ಲಿ ನಾಲ್ಕು ದಿನ ಇದ್ದು ಬಂದು ಮನೆ ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆ ಊರಿನ ಅತಿ ಕೆಟ್ಟ ಕಾಲದಲ್ಲಿ ಎರಡು ತಿಂಗಳು ಬಾಡಿಗೆಗೆ ಇದ್ದು ನೋಡಿ. ಅಲ್ಲಿಯವರೆಗೆ ಹಳೆಯ ಮನೆ ಮಾರಲೇಬೇಡಿ.

ವಿರೋಧ: ಖರ್ಚು ಕೂಡಿ ಬಂದ ಮೇಲೆ ಹವೆ

ಬಿಸಿಗಾಳಿಯ ಸಾವುಗಳ ಮಾತು ಬಂದಿದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು. 1995ರ ಜುಲೈನಲ್ಲಿ ಶಿಕಾಗೊದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಬಿಸಿಲು ಇಡೀ ನಗರದ ಮೇಲೆ ಬಿದ್ದಿತ್ತು, ಸಾವು ಮಾತ್ರ ಎಲ್ಲರ ಮನೆಗೂ ಒಂದೇ ಸಮನೆ ಬರಲಿಲ್ಲ. ಒಂಟಿಯಾಗಿದ್ದವರು, ಮನೆಯಿಂದ ಹೊರಗೆ ಹೋಗದವರು ಹೆಚ್ಚು ಸತ್ತರು. ಕೆಲಸ ಮಾಡುವ ಎಸಿ ಇದ್ದವರು, ಓಡಾಡಲು ವಾಹನದ ಅನುಕೂಲ ಇದ್ದವರು ಹೆಚ್ಚು ಉಳಿದರು. ಹವೆಯ ಪೆಟ್ಟು ಎಷ್ಟು ಜೋರು ಎಂಬುದನ್ನು ಕೈಯಲ್ಲಿನ ಹಣವೂ ಬಾಗಿಲು ತಟ್ಟುವ ಜನವೂ ನಿರ್ಧರಿಸುತ್ತವೆ.

ಈಗ ಲೆಕ್ಕ. ವರ್ಷಕ್ಕೆ 100 ಖರ್ಚಾಗುವ ಊರು ಒಂದು, ಹವೆ ಚೆನ್ನಾಗಿದೆಯೆಂದು ಎಲ್ಲದರ ಬೆಲೆಯೂ ಏರಿ 140 ಆಗುವ ಊರು ಇನ್ನೊಂದು. ಕೈಯಲ್ಲಿರುವ ಗಂಟು 2,500. ಬಡ್ಡಿ ಬೆಲೆಯೇರಿಕೆಗೆ ಸರಿಸಮ ಬರುತ್ತದೆ ಎಂದೇ ಇಟ್ಟುಕೊಳ್ಳಿ. ಮೊದಲ ಊರಲ್ಲಿ ಗಂಟು 25 ವರ್ಷ ಬರುತ್ತದೆ, ಎರಡನೆಯದರಲ್ಲಿ 18 ವರ್ಷವೂ ಇಲ್ಲ. ಅರವತ್ತಕ್ಕೆ ನಿವೃತ್ತರಾದವರಿಗೆ 85ರ ಬದಲು 78ರೊಳಗೆ ಬರಿಗೈ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದ ಹಿರಿಯರಿಗೆ ಈ ಭಾಗಾಕಾರ ಗೊತ್ತಿತ್ತು. ಅಮೆರಿಕದ ಆರ್ಥಿಕ ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಷೇರು, ಬಾಂಡ್ ಮಾರುಕಟ್ಟೆಯ ಹಳೆಯ ಅಂಕಿಗಳ ಮೇಲೆ ಹಾಕಿದ ಲೆಕ್ಕವೂ ಇದೇ ದಾರಿಯದು: ಮೊದಲ ವರ್ಷ ಗಂಟಿನ ಶೇ 4 ತೆಗೆದು, ಆಮೇಲೆ ಬೆಲೆಯೇರಿಕೆಯಷ್ಟು ಹೆಚ್ಚಿಸುತ್ತ ಹೋದರೆ 30 ವರ್ಷ ನಡೆಯುತ್ತದೆ. ನಮ್ಮ ಮೊದಲ ಊರಿನ ಲೆಕ್ಕ ಶೇ 4, ಎರಡನೆಯದು ಶೇ 5.6.

ಪಿಂಚಣಿ ಸ್ಥಿರ ಮೊತ್ತದ್ದಾಗಿದ್ದರೆ ಇನ್ನೂ ಎಚ್ಚರ ಬೇಕು. ಬೆಲೆ ವರ್ಷಕ್ಕೆ ಶೇ 6 ಏರಿದರೆ ಇಂದಿನ 100ರ ಖರ್ಚು ಹತ್ತು ವರ್ಷಕ್ಕೆ 179, ಇಪ್ಪತ್ತಕ್ಕೆ 321.

ಸೆಖೆ ತಡೆಯುವ ಖರ್ಚನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಲಗುವ ಕೋಣೆಯ ಒಂದೂವರೆ ಟನ್ ಎಸಿಗೆ, ಕಂಪ್ರೆಸರ್ ನಿಂತು ನಡೆಯುವುದನ್ನು ಸೇರಿಸಿ, ಗಂಟೆಗೆ ಸುಮಾರು ಒಂದು ಯೂನಿಟ್ ಹಿಡಿಯೋಣ. ರಾತ್ರಿ 8 ಗಂಟೆ, 120 ದಿನ: 960 ಯೂನಿಟ್. ನಿಮ್ಮ ದರದಿಂದ ಗುಣಿಸಿ, ವರ್ಷವಿಡೀ ಶೇ 40 ಹೆಚ್ಚು ಕೊಡುವುದರ ಜೊತೆ ತಾಳೆ ಹಾಕಿ. ಮನೆಯನ್ನೂ ನೋಡಿ ಆರಿಸಬೇಕು. ಮೇಲಂತಸ್ತು ಬೇಡ; ಕಾಂಕ್ರೀಟ್ ಛಾವಣಿ ಹಗಲು ನುಂಗಿದ ಕಾವನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಛಾವಣಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣ, ಪಶ್ಚಿಮದ ಗೋಡೆಗೆ ನೆರಳು. ನೀರಿನ ಕೂಲರ್ ಒಣ ಸೆಖೆಗೆ ಮಾತ್ರ ಸರಿ. ತೇವದ ಊರಲ್ಲಿ ಅದು ಇನ್ನಷ್ಟು ತೇವ ತುಂಬುತ್ತದೆ. ಕರೆಂಟ್ ಹೋದಾಗ ಸಾಮಾನ್ಯ ಇನ್ವರ್ಟರ್ ಫ್ಯಾನ್ ತಿರುಗಿಸುತ್ತದೆ, ಎಸಿಯನ್ನಲ್ಲ. ಇದು ಈ ಯೋಜನೆಯ ನಿಜವಾದ ದುರ್ಬಲ ಜಾಗ. ಬೇಸಿಗೆಯಲ್ಲಿ ಅಲ್ಲಿ ಎಷ್ಟು ಹೊತ್ತು ಕರೆಂಟ್ ಹೋಗುತ್ತದೆ ಎಂದು ಅಕ್ಕಪಕ್ಕದವರನ್ನೇ ಕೇಳಿ.

ತಂಪಿಗಾಗಿ ಬೆಟ್ಟ ಹತ್ತುವವರ ಬಗ್ಗೆ ನಿಜಕ್ಕೂ ಕಳವಳವಾಗುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ತಂಪು, ಹೌದು. ಆದರೆ 2,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಭಾಗ ಮಾತ್ರ. ಶ್ವಾಸಕೋಶ, ಹೃದಯ ಸೋತವರಿಗೆ ಅದು ಪ್ರತಿದಿನದ ಹೊರೆ. ರಸ್ತೆಯೆಲ್ಲ ಏರಿಳಿತ, ಮಂಡಿಗೆ ಅದೂ ಹೊರೆಯೇ. ಪಾರ್ಶ್ವವಾಯು ಬಡಿದರೆ ರಕ್ತದ ಗರಣೆ ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ, ಅದೂ ರೋಗಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. ಸ್ಕ್ಯಾನ್ ಆಗದೆ ಆ ಮದ್ದು ಕೊಡುವಂತಿಲ್ಲ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಮಳೆಯ ರಾತ್ರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಮೊದಲು ಅಳೆಯಿರಿ.

ಒಳ್ಳೆಯ ಹವೆಗೆ ಕೊಡುವ ಬೆಲೆ ಹಿಂದಿನ ಹವೆಗೆ ಕೊಡುವ ಬೆಲೆ. ಹವಾಮಾನ ಇಲಾಖೆಗಳು ಸಾಮಾನ್ಯ ಎನ್ನುವ ಅಂಕಿ 30 ವರ್ಷಗಳ ಸರಾಸರಿ, ಈಗಿನದು 1991ರಿಂದ 2020ರದು. ನೀವು ಬದುಕಬೇಕಿರುವುದು ಮುಂದಿನ ಇಪ್ಪತ್ತೈದು ವರ್ಷ. ಹೆಸರಾದ ತಂಪು ಊರಿಗೆ ಜನ ಮುಗಿಬಿದ್ದಂತೆ ಮರ ಕಡಿಯುತ್ತಾರೆ, ಕಾಂಕ್ರೀಟ್ ಏಳುತ್ತದೆ, ಬಾಡಿಗೆ ಏರುತ್ತದೆ, ರಾತ್ರಿಯ ತಂಪೂ ಹೋಗುತ್ತದೆ.

ಲೆಕ್ಕದ ಹಾಳೆಯಲ್ಲಿ ಬಹುತೇಕರು ಬಿಡುವ ಸಾಲೊಂದಿದೆ. ದಂಪತಿಗಳಲ್ಲಿ ಒಬ್ಬರು ಹೋದ ಮೇಲೆ ಅನೇಕ ಪಿಂಚಣಿಗಳು ಕುಗ್ಗುತ್ತವೆ, ಕೆಲವು ನಿಂತೇ ಹೋಗುತ್ತವೆ. ಬಾಡಿಗೆ, ಕರೆಂಟ್, ಮನೆಯ ದುರಸ್ತಿ ಅರ್ಧವಾಗುವುದಿಲ್ಲ. ನೆರವಿನವರ ಸಂಬಳ ಹೊಸದಾಗಿ ಸೇರುತ್ತದೆ. ಪಿಂಚಣಿ ಯಾರ ಹೆಸರಿನಲ್ಲಿದೆಯೋ ಅವರಿಲ್ಲದ ತಿಂಗಳ ಆದಾಯ ಎಷ್ಟು, ಖರ್ಚು ಎಷ್ಟು ಎಂದು ಇಬ್ಬರೂ ಒಟ್ಟಿಗೆ ಕೂತು ಬರೆಯಿರಿ. ಆ ಅಂಕಿ ಹೊಂದುವ ಊರುಗಳನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡು, ಹವೆ ನೋಡುವುದನ್ನು ಅವುಗಳೊಳಗೆ ಶುರು ಮಾಡಿ.