ಥಿನ್ನರ್ ಕುಡಿದ ಮಣ್ಣಿಗೆ ಅಣಬೆ ಮದ್ದಾ?

ಮಂಗಳೂರಿನ ಬೈಕಂಪಾಡಿ ಹತ್ತಿರ ಗೆಳೆಯನೊಬ್ಬ ಸ್ವಲ್ಪ ಜಾಗ ತೆಗೆದುಕೊಂಡಿದ್ದಾನೆ. ಮೊದಲು ಅಲ್ಲಿ ಗಾಡಿಗಳಿಗೆ ಪೇಂಟ್ ಹೊಡೆಯುವ ಶೆಡ್ ಇತ್ತು. ಪೇಂಟ್ ತೆಳು ಮಾಡುವ ಥಿನ್ನರಿನಲ್ಲಿ ಸ್ಪ್ರೇ ಗನ್ ತೊಳೆದು, ಅದನ್ನು ಹಿಂದಿನ ಗೋಡೆಯ ಬುಡಕ್ಕೇ ಚೆಲ್ಲುತ್ತಿದ್ದರಂತೆ, ವರ್ಷಗಟ್ಟಲೆ. ಮೊನ್ನೆ ಹಾರೆಯಲ್ಲಿ ಒಂದು ಗೇಣು ಅಗೆದೆವು. ಮೇಲೆ ಹುಲ್ಲು ಚಿಗುರಿದೆ, ಒಳಗಿಂದ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

"ಅಣಬೆ ಬೀಜ ತಂದು ಹಾಕಿದರೆ ಆಯ್ತಲ್ವಾ ಮಾರಾಯ? ಅದು ವಿಷ ತಿನ್ನುತ್ತದಂತೆ, ವಾಟ್ಸಾಪಿನಲ್ಲಿ ಬಂದಿತ್ತು" ಎಂದ.

ಪೂರ್ತಿ ಸುಳ್ಳಲ್ಲ. ಗುಡ್ಡೆಯಲ್ಲಿ ಬಿದ್ದ ಮಾವಿನ ದಿಮ್ಮಿ ನೋಡಿದ್ದೀರಲ್ಲ? ಒಂದೆರಡು ಮಳೆಗಾಲ ಕಳೆದರೆ ಕೆಲವು ಬೆಳ್ಳಗೆ ಮೆತ್ತಗಾಗಿ, ಹಿಂಡಿದರೆ ನಾರುನಾರಾಗಿ ಕೈಗೆ ಬರುತ್ತವೆ. ಅದು ಬಿಳಿ ಕೊಳೆ ಶಿಲೀಂಧ್ರದ ಕೆಲಸ. ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಇದೆಯಲ್ಲ, ಅದನ್ನು ಒಡೆಯುವುದರಲ್ಲಿ ಇವು ಪಳಗಿದ ಕೈ. ಲಿಗ್ನಿನ್ ಅಡ್ಡಾದಿಡ್ಡಿ ಕಟ್ಟಿದ ಗೋಡೆ. ಹಾಗಾಗಿ ಇವುಗಳ ಕಿಣ್ವಕ್ಕೂ ಇಂಥದ್ದೇ ಬೇಕೆಂಬ ಹಟ ಇಲ್ಲ, ಸಿಕ್ಕಿದ್ದನ್ನು ಕತ್ತರಿಸುತ್ತದೆ. ಫ್ಯಾನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬುದು (ನಾಲಿಗೆ ಉಳುಕಿದರೆ ನಾನು ಜವಾಬ್ದಾರನಲ್ಲ) ಡಿಡಿಟಿ ಎಂಬ ಕೀಟನಾಶಕವನ್ನೂ ಒಡೆಯುತ್ತದೆ ಎಂದು 1985ರಲ್ಲೇ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಆಮೇಲೆ ಥಿನ್ನರಿನಲ್ಲಿರುವ ಟಾಲ್ವೀನ್ ಎಂಬ ರಾಸಾಯನಿಕ ಕೂಡ ಲ್ಯಾಬಿನಲ್ಲಿ ಅದಕ್ಕೆ ಬಗ್ಗಿತು. ನಾವು ತಿನ್ನುವ ಚಿಪ್ಪಣಬೆಯೂ ಇದೇ ಗುಂಪಿನದ್ದು. ಮೊದಲ ಗುಡುಗಿಗೆ ಏಳುವ ಕಲ್ಲಣಬೆ ಮಾತ್ರ ಈ ಗುಂಪಿಗೆ ಸೇರುವುದಿಲ್ಲ, ಅದು ಮರದ ಬೇರಿನ ಜೊತೆ ಸಂಸಾರ ಮಾಡುವ ಜಾತಿ.

ಆದರೆ ಇವಕ್ಕೆ ಗಾಳಿ ಬೇಕು. ಊಟಕ್ಕೆ ಬೈಹುಲ್ಲೋ ಮರದ ಹುಡಿಯೋ ಬೇಕು. ಥಿನ್ನರ್ ಒಡೆಯುವುದು ಊಟದ ಜೊತೆ ಆಗುವ ಉಪಕೆಲಸ. ಮೇಲ್ಮಣ್ಣನ್ನು ಅಗೆದು, ಹುಲ್ಲಿನ ಜೊತೆ ಕಲಸಿ ರಾಶಿ ಹಾಕಿದರೆ ನಡೆದೀತು. ಆದರೆ ನಮ್ಮ ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲಿನ) ನೆಲವೋ ಜರಡಿ! ಮೇಲಿಂದ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ. ಥಿನ್ನರ್ ನೀರಿಗಿಂತ ಹಗುರ, ಇಳಿದು ಹೋಗಿ ನೆಲದಡಿಯ ನೀರಿನ ಮೇಲೆ ತೇಲುತ್ತದೆ, ಸ್ವಲ್ಪ ಕರಗಿ ಬಾವಿಗೂ ಬರುತ್ತದೆ. ಕಾರ್ಖಾನೆಗಳಲ್ಲಿ ಗ್ರೀಸ್ ತೊಳೆಯುವ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ, ನೀರಿನ ಅಡಿಗೇ ಹೋಗಿ ಕೂರುತ್ತದೆ. ಅಷ್ಟು ಕೆಳಗೆ ಅಣಬೆ ಇಳಿಯುವುದಿಲ್ಲ. ಇನ್ನು ಹಳೆ ಪೇಂಟಿನ ಸೀಸ? ಅದನ್ನು ಯಾವ ಕಿಣ್ವವೂ ಒಡೆಯದು. ಅಣಬೆ ಹೀರಿಕೊಂಡೀತು, ಅಷ್ಟೆ. ಆ ಅಣಬೆಯಲ್ಲಿ ಸುಕ್ಕ ಮಾಡುವ ಹಾಗಿಲ್ಲ.

ನನಗೆ ಸಿಟ್ಟು ಅಣಬೆಯ ಮೇಲಲ್ಲ. "ಅಣಬೆ ಉಂಟಲ್ಲ" ಅಂತ ಸುಮ್ನೆ ಫಾರ್ವರ್ಡ್ ಮಾಡಿದರೆ, ಚೆಲ್ಲುವವನಿಗೆ ಇನ್ನೂ ಧೈರ್ಯ ಬರುತ್ತದೆ. ಅವನು ಡ್ರಮ್ಮಿನಲ್ಲಿ ತುಂಬಿಸಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಗೆಳೆಯನಿಗೆ ಹೇಳಿದೆ: ಬೀಜ ಆಮೇಲೆ ತರುವಾ. ಮಳೆ ಹಿಡಿಯುವ ಮೊದಲು ಆ ಮಣ್ಣಿಗೆ ಶೀಟು ಹೊದಿಸು. ಬಾವಿ ನೀರು ಟೆಸ್ಟಿಗೆ ಕೊಡು. ಪಕ್ಕದ ಮನೆಯವರ ಬಾವಿಯದ್ದೂ.