ಮೂರು ದಿನದ ಮೇಳ, ಮೊಣಕಾಲುದ್ದ ಕೆಸರು

‘ಮಳೆಯನ್ನೂ ಲೆಕ್ಕಿಸದೆ ಕೃಷಿ ಮೇಳಕ್ಕೆ ಹರಿದುಬಂದ ಜನಸಾಗರ.’ ನಮ್ಮ ತಾಲ್ಲೂಕಿನ ಮೇಳದ ಬಗ್ಗೆ ಪತ್ರಿಕೆಯಲ್ಲಿ ಬಂದ ತಲೆಬರಹ ಇದು, ಓದಿದ್ರಲ್ವಾ? ಜೊತೆಗಿದ್ದ ಫೋಟೋ ನೋಡಿ. ಜನ ನಿಜಕ್ಕೂ ಓಡುತ್ತಿದ್ದಾರೆ. ಆದರೆ ಮಳಿಗೆಗಳ ಕಡೆಗಲ್ಲ, ಊಟದ ಪೆಂಡಾಲ್ ಕಡೆಗೆ. ಜನರಿಗೆ ಅಂತ ತಗಡಿನ ಸೂರು ಹಾಕಿದ್ದು ಅದೊಂದಕ್ಕೇ.

ಬಿಸಿಲಿದ್ದಾಗ ನಮ್ಮ ತಾಲ್ಲೂಕು ಕೇಂದ್ರದ ಮೇಳದಲ್ಲಿ ನೋಡೋಕೆ ಏನಿರುತ್ತೆ? ದೂಳು, ಮೈಕು, ಕಬ್ಬಿನ ಹಾಲು, ಮಂಡಿನೋವಿನ ಎಣ್ಣೆ, ನೂರು ರೂಪಾಯಿಗೆ ಮೂರು ಬನಿಯನ್. ಮಳೆ ಬಿದ್ದರೆ ನೋಡಿ ಗಮ್ಮತ್ತು. ಈ ಸಲ ಉದ್ಘಾಟನೆಗೆ ಬಂದವರ ಕಾರು ಪಾರ್ಕಿಂಗ್ ಜಾಗದಲ್ಲೇ ಹೂತುಕೊಂಡಿತು. ಮಾರಾಟಕ್ಕೆ ಅಂತ ಹೂವಿನ ಹಾರ ಹಾಕಿ ನಿಲ್ಲಿಸಿದ್ದ ಟ್ರ್ಯಾಕ್ಟರ್ ಬಂದು ಎಳೆಯಿತು. ಸುತ್ತ ನಿಂತಿದ್ದ ರೈತರು ಶಿಳ್ಳೆ ಹೊಡೆದರು. ಮೂರು ದಿನದಲ್ಲಿ ಯಂತ್ರದ ಪ್ರಾತ್ಯಕ್ಷಿಕೆ ಅಂತ ಆಗಿದ್ದು ಅದೊಂದೇ. ಡ್ರೋನ್‌ನಲ್ಲಿ ಔಷಧಿ ಸಿಂಪಡಿಸಿ ತೋರಿಸ್ತೀವಿ ಅಂದಿದ್ದರು. ಅದನ್ನು ಡಬ್ಬದಿಂದ ಈಚೆಗೇ ತೆಗೆಯಲಿಲ್ಲ.

ಶಾಮಿಯಾನದ ಬಗ್ಗೆ ಹೇಳದಿದ್ದರೆ ಪಾಪ ಬರುತ್ತೆ. ವೇದಿಕೆಗೂ ಮುಂದಿನ ಸಾಲಿನ ಸೋಫಾಗಳಿಗೂ ಶೀಟು. ಸೋಫಾ ಮೇಲೆ ಬಿಳೀ ಟರ್ಕಿ ಟವೆಲ್ಲು. ಅಲ್ಲಿಂದ ಹಿಂದಕ್ಕೆ ರೈತರು, ರೈತರ ಮೇಲೆ ಬಣ್ಣದ ಬಟ್ಟೆ. ಆ ಬಟ್ಟೆಯಲ್ಲಿ ನೀರು ತುಂಬಿ ಹೊಟ್ಟೆ ಇಳಿಬಿದ್ದಾಗಲೆಲ್ಲ ಒಬ್ಬ ಹುಡುಗ ಬಿದಿರಿನ ಗಳ ಹಿಡಿದು ಬಂದು ಕೆಳಗಿನಿಂದ ಮೆಲ್ಲಗೆ ತಿವಿಯುತ್ತಿದ್ದ. ನೀರು ದಬದಬ ಅಂತ ಅಂಚಿನಲ್ಲಿ ಕೂತವರ ತಲೆ ಮೇಲೆ ಇಳಿಯೋದು. ಅವರು ಎದ್ದು, ಕೂತಿದ್ದ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನೇ ತಲೆಗೆ ಹೊತ್ತುಕೊಂಡು ನಿಲ್ಲೋರು. ಆಗ ಮೈಕಿನಲ್ಲಿ ನಡೆಯುತ್ತಿದ್ದ ಉಪನ್ಯಾಸದ ವಿಷಯ ಮಳೆನೀರು ಕೊಯ್ಲು. ನಾನು ಕಟ್ಟಿ ಹೇಳ್ತಿಲ್ಲ, ಆಮಂತ್ರಣ ಪತ್ರಿಕೆಯಲ್ಲೇ ಇದೆ.

ಹೋರಿ ವಿಷಯಕ್ಕೆ ಬರೋಣ. 2021ರ ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಮೇಳವೂ ಮಳೆಯಲ್ಲೇ ತೊಯ್ದಿತ್ತು. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ ಒಂದು ಕೋಟಿ ಬೆಲೆ ಹೇಳಿದ್ದ ಹಳ್ಳಿಕಾರ್ ತಳಿಯ ಹೋರಿ ಕೃಷ್ಣ. ಚೆಂದದ ಹೋರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಂದಾಚೆ ಪ್ರತಿ ತಾಲ್ಲೂಕಿನ ಮೇಳಕ್ಕೂ ಒಂದು ಕೋಟಿ ಹೋರಿ ಬೇಕೇ ಬೇಕು. ನಮ್ಮದಕ್ಕೂ ಬಂದಿತ್ತು. ಕೋಟಿ ಕೊಟ್ಟು ಹಗ್ಗ ಹಿಡಿದುಕೊಂಡು ಹೋದವರನ್ನು ನಾನಂತೂ ಕಂಡಿಲ್ಲ. ಸೆಲ್ಫಿ ತೆಗೆದುಕೊಂಡವರು ಬೇಕಾದಷ್ಟು. ಹೋರಿಯ ತಲೆ ಮೇಲೂ ಶೀಟಿತ್ತು ಅನ್ನೋದನ್ನು ಗಮನಿಸಿ. ಸೋಫಾ ಆದ ಮೇಲೆ ಅದಕ್ಕೇ ಮರ್ಯಾದೆ.

‘ಮಳೆ ಹೀಗೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?’ ಅಂದರಂತೆ ಸಮಿತಿಯವರು. ಹೌದಲ್ಲ, ಯಾರಿಗೆ ಗೊತ್ತಿರುತ್ತೆ? ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ ಇಟ್ಟಿದೆ. ಹಗಲು ರಾತ್ರಿ ಫೋನ್ ಎತ್ತುವ ‘ವರುಣಮಿತ್ರ’ ಸಹಾಯವಾಣಿ ಇದೆ. ರೈತರಿಗೆ ಹವಾಮಾನ ಹೇಳೋಕೆ ಅಂತಲೇ ಕೇಂದ್ರ ಸರ್ಕಾರದ ‘ಮೇಘದೂತ್’ ಆ್ಯಪ್ ಇದೆ. ಇದ್ಯಾವುದೂ ಬೇಡ ಅಂದರೆ ನಮ್ಮ ಬೀದಿ ಕೊನೆಯ ಅಜ್ಜಿಯನ್ನು ಕೇಳಬಹುದಿತ್ತು. ನವೆಂಬರ್ ಎರಡನೇ ವಾರ ಅಂದರೆ ವಿಶಾಖ ಮಳೆ. ಹಿಂಗಾರಿನ ಕಾಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮ ಕಡೆ ಮೂರು ದಿನ ಜಡಿ. ಇದೇನು ರಾಕೆಟ್ ವಿಜ್ಞಾನವಾ? ಆದರೆ ಮೇಳದ ದಿನ ಗೊತ್ತು ಮಾಡೋದು ಪಂಚಾಂಗವಲ್ಲ, ಉದ್ಘಾಟಕರ ಡೈರಿ. ಅಂದ ಹಾಗೆ, ಮೇಳದಲ್ಲಿ ಹವಾಮಾನ ಮಾಹಿತಿ ಮಳಿಗೆಯೂ ಇತ್ತು. ಮಳೆ ಅಂತ ಮುಚ್ಚಿತ್ತು.

ತಮಾಷೆ ಸಾಕು.

ಆ ಮೂರು ದಿನ ಹೊಲದಲ್ಲಿ ಏನಿತ್ತು ಗೊತ್ತಾ? ರಾಗಿ. ಕೊಯ್ದು ಅರಿ ಹಾಕಿದ್ದ ರಾಗಿ. ತೆನೆಯಲ್ಲೇ ಮೊಳಕೆ ಒಡೀತಾ ಇತ್ತು. ಬೆಳೆ ವಿಮೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೂ 14 ದಿನದವರೆಗೆ ರಕ್ಷಣೆ ಇದೆ. ಒಳ್ಳೇದು. ಹಾನಿಯಾದ 72 ಗಂಟೆಯೊಳಗೆ ದೂರು ಕೊಡಬೇಕು, ಅಷ್ಟೇ. ಮೇಳ ಮೂರು ದಿನ. ಮೂರು ದಿನಕ್ಕೆ ಎಷ್ಟು ಗಂಟೆ, ನೀವೇ ಗುಣಿಸಿ. ದೂರು ಬರೆದುಕೊಳ್ಳಬೇಕಾದ ಕಚೇರಿಗೆ ಬೀಗ. ಸಿಬ್ಬಂದಿಯೆಲ್ಲ ಮೇಳದ ಡ್ಯೂಟಿಯಲ್ಲಿ. ಅಲ್ಲಿ ಹೋಗಿ ಕೇಳಿದರೆ ‘ಸೋಮವಾರ ಆಫೀಸಿಗೆ ಬಾರಪ್ಪ’. ಮಳೆಗೆ ಕಪ್ಪಾದ ರಾಗಿಯನ್ನು ಖರೀದಿ ಕೇಂದ್ರದಲ್ಲಿ ಮುಟ್ಟೋದಿಲ್ಲ. ಇನ್ನು ಪರಿಹಾರ. 2022ರಲ್ಲಿ ಪರಿಷ್ಕರಿಸಿದ ಕೇಂದ್ರ ಸರ್ಕಾರದ ಮಾನದಂಡದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಾತ್ರ. ಎಕರೆಗೆ ಮೂರೂವರೆ ಸಾವಿರವೂ ಬೀಳಲ್ಲ. ಶಾಮಿಯಾನದವನ ಬಿಲ್ಲು ಇದಕ್ಕಿಂತ ಬೇಗ ಪಾಸಾಗುತ್ತೆ. ಬೇಜಾರು ಅನ್ನೋದಕ್ಕೂ ಬೇಜಾರಾಗಿದೆ ನನಗೆ. ಪ್ರತಿ ವರ್ಷ ಇದೇ ಮಾತು ಎಷ್ಟು ಸಲ ಅಂತ ಬರೆಯೋದು?

ಕೊನೇ ದಿನ ಸಂಜೆ ಮಹಾದ್ವಾರ ಬಿಚ್ಚುತ್ತಿದ್ದರು. ದ್ವಾರದ ತುಂಬ ಫ್ಲೆಕ್ಸು. 2016ರಲ್ಲಿ ನಮ್ಮ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧ ಆಯ್ತಲ್ಲ, ಅದೇ ಫ್ಲೆಕ್ಸು. ರೈತನೊಬ್ಬ ಸಮಿತಿಯವರೊಬ್ಬರ ಹತ್ತಿರ ಹೋಗಿ ಕೇಳಿದ. ‘ಅಣ್ಣಾ, ಸಬ್ಸಿಡಿ ಟಾರ್ಪಾಲಿಗೆ ಅರ್ಜಿ ಕೊಟ್ಟು ವರ್ಷ ಆಯ್ತು, ಇನ್ನೂ ಬಂದಿಲ್ಲ. ಇದನ್ನ ಕೊಡಿ, ಮೆದೆಗೆ ಹೊದಿಸ್ಕೊತೀನಿ.’

‘ಲೇ, ಸಾಹೇಬ್ರ ಫೋಟೋ ಐತೆ ಕಣೋ. ಮಳೆಗೆ ಹಾಕ್ತೀಯಾ?’

‘ಫೋಟೋ ಒಳಗಡೆ ಮಾಡಿ ಹೊದಿಸ್ತೀನಣ್ಣ. ರಾಗಿ ಹೆಂಗೆ ಮೊಳಕೆ ಬಂದೈತೆ ಅಂತ ನೋಡ್ಲಿ.’

ಕೊಟ್ಟರು ಅಂದ್ಕೊಂಡ್ರಾ? ಮುಂದಿನ ವಾರ ಕಬಡ್ಡಿ ಪಂದ್ಯಾವಳಿ ಇದೆಯಂತೆ. ‘ಕೃಷಿ ಮೇಳ’ ಅನ್ನೋ ಜಾಗಕ್ಕೆ ಒಂದು ಸ್ಟಿಕ್ಕರ್ ಅಂಟಿಸಿದರೆ ಮುಗೀತು, ಫೋಟೋ ಅದೇ ನಡೆಯುತ್ತೆ.